ಪಿಕಪ್‌ಗೆ ಹೊಸ ಟೈರ್: ಕಂಪನಿ ಹೆಸರಿಗಿಂತ ಮೊದಲು ಹಿಂದಿನ ಚಕ್ರದ ಭಾರ ನೋಡಿ

ಟೈರ್ ಅಂಗಡಿಗೆ ಹೋದ ಕೂಡಲೇ ಎದುರಾಗುವ ಪ್ರಶ್ನೆ "ಯಾವ ಕಂಪನಿದು ಕೊಡ್ಲಿ?" ಎಂಬುದು. ನಾವೂ ಅಷ್ಟೇ, ಪರಿಚಯದ ಡ್ರೈವರ್ ಯಾರೋ ಹೇಳಿದ ಹೆಸರೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿರುತ್ತೇವೆ. ಕಾರಿಗಾದರೆ ಇದರಿಂದ ದೊಡ್ಡ ನಷ್ಟವಿಲ್ಲ. ಬೊಲೆರೊ ಪಿಕಪ್, ಟಾಟಾ ಯೋಧ, ಇಂಟ್ರಾ, ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್ ತರದ ಲೋಡ್ ಗಾಡಿಗಳ ವಿಷಯ ಬೇರೆ. ಇವುಗಳಲ್ಲಿ ಯಾವ ಟೈರ್ ಎಂಬುದನ್ನು ತೀರ್ಮಾನಿಸಬೇಕಾದದ್ದು ಲೋಡ್ ತುಂಬಿದಾಗ ಹಿಂದಿನ ಒಂದೊಂದು ಚಕ್ರದ ಮೇಲೆ ಎಷ್ಟು ಕೆಜಿ ಕೂರುತ್ತದೆ ಎನ್ನುವ ಲೆಕ್ಕ. ಆ ಲೆಕ್ಕ ಕೈಯಲ್ಲಿದ್ದರೆ ಅಂಗಡಿಯಲ್ಲಿ ತೋರಿಸುವ ಹತ್ತು ಟೈರ್‌ಗಳಲ್ಲಿ ಏಳೆಂಟು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ. ಕಂಪನಿ ಯಾವುದು ಎಂಬ ಮಾತು ಉಳಿದ ಎರಡು ಮೂರರ ನಡುವೆ ಬಂದರೆ ಸಾಕು.

ಹೊಸದಕ್ಕೆ ಮುಂಚೆ ಹಳೆಯ ಟೈರ್ ನೋಡಿ

ಹಳೆಯ ಟೈರ್ ಬಿಚ್ಚಿಸುವ ಮೊದಲು, ಗಾಡಿಯ ಮೇಲಿದ್ದಾಗಲೇ, ಬೆಳಗಿನ ಬೆಳಕಿನಲ್ಲಿ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಎರಡೂ ಅಂಚು ಸವೆದು ನಡುಭಾಗದಲ್ಲಿ ಗ್ರಿಪ್ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ಇಲ್ಲವೇ ಓವರ್‌ಲೋಡ್ ಹೊರಿಸಿದ್ದೀರಿ. ನಡುಭಾಗ ಮಾತ್ರ ನುಣ್ಣಗಾಗಿದ್ದರೆ ಗಾಳಿ ಹೆಚ್ಚಾಗಿತ್ತು. ಒಳಗಿನದೋ ಹೊರಗಿನದೋ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ವೀಲ್ ಬ್ಯಾಲೆನ್ಸಿಂಗ್ ಕಡೆ ಗಮನ ಕೊಡಿ.

ಕಣ್ಣಿಗೆ ಕಾಣದ ಸವೆತ ಇನ್ನೊಂದಿದೆ, ಅದು ಕೈಗೆ ಮಾತ್ರ ಸಿಗುತ್ತದೆ. ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆ ನಯವಾಗಿ ಜಾರಿ, ಇನ್ನೊಂದು ಕಡೆ ಪ್ರತಿ ಗೀರಿನ ಅಂಚೂ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಅಳತೆ, ಅಂದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ತಪ್ಪಿದೆ ಎಂದರ್ಥ. ಸ್ಟೇರಿಂಗ್ ಸರಳನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಸಡಿಲವಾಗಿದ್ದರೂ ಹೀಗೆಯೇ ಆಗುತ್ತದೆ. ಅದನ್ನು ಸರಿಪಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹೀಗೆಯೇ ಸವೆದುಹೋಗುತ್ತದೆ. ಆದ್ದರಿಂದ ಮೊದಲು ಮೆಕ್ಯಾನಿಕ್, ಆಮೇಲೆ ಟೈರ್ ಅಂಗಡಿ.

ಬದಲಾಯಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಟೈರಿನ ಗೀರುಗಳ ತಳದಲ್ಲಿ ಸಣ್ಣ ರಬ್ಬರ್ ದಿಣ್ಣೆಗಳನ್ನು ಹುಡುಕಿ. ಪಕ್ಕದ ಗೋಡೆಯ ಮೇಲ್ತುದಿಯಲ್ಲಿರುವ ತ್ರಿಕೋನ ಗುರುತಿನ ನೇರಕ್ಕೆ ಅವು ಸಿಗುತ್ತವೆ. ಮೇಲಿನ ರಬ್ಬರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿಲಿಮೀಟರ್, ಅದಕ್ಕಿಂತ ಕೆಳಗೆ ಓಡಿಸುವಂತಿಲ್ಲ. ಆದರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಮಳೆಗಾಲ ಪೂರ್ತಿ ಓಡಾಡುವವರು 1.6ರ ತನಕ ಕಾಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 3 ಮಿಲಿಮೀಟರ್‌ಗೆ ಇಳಿದಾಗಲೇ ಟೈರ್ ನೀರು ತಳ್ಳುವ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಮೇ ತಿಂಗಳಲ್ಲೇ ಅಳೆದು, ಜೂನ್ ಮಳೆ ಹಿಡಿಯುವ ಮುಂಚೆ ಬದಲಾಯಿಸಿಬಿಡಿ.

ವೇಬ್ರಿಡ್ಜ್‌ಗೆ ಒಂದು ಸಲ ಹೋಗಿ ಬನ್ನಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು, ಬಹುತೇಕ ಯಾರೂ ಮಾಡದಿರುವುದೂ ಇದನ್ನೇ. ಮಾಮೂಲಿಯಾಗಿ ನೀವು ಹೊರುವ ಅತಿ ಹೆಚ್ಚಿನ ಲೋಡ್ ತುಂಬಿಸಿ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಇಡೀ ಗಾಡಿಯ ತೂಕ ತೆಗೆಸಿ. ನಂತರ ಮುಂದಿನ ಚಕ್ರಗಳನ್ನು ತಟ್ಟೆಯಿಂದ ಆಚೆ ಇಳಿಸಿ, ಹಿಂದಿನ ಎರಡು ಚಕ್ರಗಳಷ್ಟೇ ಮೇಲೆ ನಿಲ್ಲುವಂತೆ ಮಾಡಿ ಇನ್ನೊಂದು ತೂಕ ತೆಗೆಸಿ. ಆ ಎರಡನೆಯ ಅಂಕಿಯನ್ನು ಎರಡರಿಂದ ಭಾಗಿಸಿದರೆ ಹಿಂದಿನ ಒಂದು ಟೈರಿನ ಪಾಲು ಸಿಗುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. 1.7 ಟನ್ ಹೊರುವ ಪಿಕಪ್‌ಗೆ ನೂರು ಬಾಕ್ಸ್ ತುಂಬಿದರೆ ಹಣ್ಣೇ 1,500 ಕೆಜಿ. ಒಂದೊಂದು ಕ್ರೇಟ್ ಒಂದೂವರೆ ಕೆಜಿ ತೂಗುತ್ತದೆ ಎಂದುಕೊಂಡರೂ ಇನ್ನೊಂದು 150 ಕೆಜಿ ಸೇರಿತು. ಟಾರ್ಪಾಲ್, ಹಗ್ಗ, ಸ್ಟೆಪ್ನಿ, ಡ್ರೈವರ್, ಜೊತೆಗೊಬ್ಬ ಹುಡುಗ, ಇವೆಲ್ಲ ಬೇರೆ. ಲೋಡ್ ಬಾಡಿಯ ಬಹುಪಾಲು ಹಿಂದಿನ ಆಕ್ಸಲ್ ಮೇಲೆಯೇ ಇರುವುದರಿಂದ ಈ ತೂಕದ ಹೆಚ್ಚಿನ ಭಾಗವನ್ನು ಹೊರುವುದು ಹಿಂದಿನ ಎರಡು ಟೈರ್. ವೇಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್ 2,100 ಕೆಜಿ ತೋರಿಸಿತು ಎಂದಿಟ್ಟುಕೊಳ್ಳಿ. ಒಂದು ಟೈರಿಗೆ 1,050 ಕೆಜಿ ಆಯಿತು.

ಈಗ ಟೈರಿನ ಪಕ್ಕದ ಗೋಡೆಗೆ ಬನ್ನಿ. ಅಳತೆಯ ಪಕ್ಕದಲ್ಲೇ ಎರಡು ಅಥವಾ ಮೂರು ಅಂಕಿಯ ಸಂಖ್ಯೆ, ಅದಕ್ಕೆ ಅಂಟಿಕೊಂಡ ಒಂದು ಅಕ್ಷರ ಇರುತ್ತದೆ. ಆ ಸಂಖ್ಯೆಯೇ ಲೋಡ್ ಇಂಡೆಕ್ಸ್. 100 ಎಂದಿದ್ದರೆ ಆ ಟೈರ್ ಹೊರಬಲ್ಲದ್ದು 800 ಕೆಜಿ. 104 ಎಂದರೆ 900, 106 ಎಂದರೆ 950, 108 ಎಂದರೆ 1,000, 110 ಎಂದರೆ 1,060, 112 ಎಂದರೆ 1,120 ಕೆಜಿ. ನಮ್ಮ ಟೊಮೆಟೊ ಗಾಡಿಗೆ 1,050 ಕೆಜಿ ಬಂದಿದೆ. 110ರ ಟೈರ್ ಕಾಗದದ ಮೇಲೆ ಸಾಕು, ರಸ್ತೆಯ ಮೇಲೆ ಸಾಲದು. ಲೋಡ್ ಎರಡೂ ಬದಿಗೆ ಸಮವಾಗಿ ಕೂರುವುದಿಲ್ಲ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಭಾರ ವಾಲುತ್ತದೆ, ಗುಂಡಿಗೆ ಬಿದ್ದಾಗ ಹೊಡೆತ ಇನ್ನೂ ಜಾಸ್ತಿ. ಆದ್ದರಿಂದ 112 ಅಥವಾ ಅದಕ್ಕಿಂತ ಮೇಲಿನದನ್ನೇ ಕೇಳಿ. ಜೊತೆಗೆ, ಗಾಡಿಯ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವ ಲೋಡ್ ಇಂಡೆಕ್ಸ್‌ಗಿಂತ ಎಂದಿಗೂ ಕೆಳಗೆ ಇಳಿಯಬೇಡಿ, ನಿಮ್ಮ ಲೋಡ್ ಎಷ್ಟೇ ಹಗುರವಾಗಿದ್ದರೂ.

ಹೆಚ್ಚು ಜನ ಎಡವುವುದು ಇಲ್ಲೇ. 215/75 ಆರ್ 15 ಎಂಬ ಅಳತೆಯ ಟೈರ್ ಪ್ಯಾಸೆಂಜರ್ ಬೊಲೆರೊಗೂ ಬರುತ್ತದೆ, ಕೆಲವು ಲೋಡ್ ಗಾಡಿಗಳಿಗೂ ಬರುತ್ತದೆ. ನೋಡಲು ಒಂದೇ ಗಾತ್ರ, ಡಿಸ್ಕಿಗೂ ಸರಿಯಾಗಿ ಕೂರುತ್ತದೆ. ಆದರೆ ಪ್ಯಾಸೆಂಜರ್ ಗಾಡಿಯ ಟೈರ್ ಮೇಲೆ 100 ಇದ್ದರೆ ಅದರ ಶಕ್ತಿ 800 ಕೆಜಿಗೆ ಮುಗಿಯಿತು. ಅದರ ಮೇಲೆ 1,050 ಕೆಜಿ ಹೊರಿಸಿ ಬೇಸಿಗೆಯಲ್ಲಿ ಹೈವೇಗೆ ಬಿಟ್ಟರೆ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚಿಕೊಂಡು ಕಾಯುತ್ತದೆ, ಒಳಗಿನ ದಾರ ಮತ್ತು ರಬ್ಬರಿನ ಬೆಸುಗೆ ಬಿಡುತ್ತದೆ, ಕೊನೆಗೆ ಸಿಡಿಯುತ್ತದೆ. ಅಂಗಡಿಯವರು "ಸೈಜ್ ಅದೇ ಸಾರ್, ರೇಟ್ ಕಮ್ಮಿ" ಅಂದಾಗ ಕೇಳಬೇಕಾದ ಮಾತು ಒಂದೇ: ಲೋಡ್ ಇಂಡೆಕ್ಸ್ ಎಷ್ಟು? ಲೈಟ್ ಟ್ರಕ್ ಟೈರ್ ಎಂದು ಸೂಚಿಸುವ 'ಎಲ್‌ಟಿ' ಅಕ್ಷರಗಳೂ ಇವೆಯೇ ನೋಡಿ.

ಉಳಿದ ಗುರುತುಗಳು

215/75 ಆರ್ 15ರಲ್ಲಿ 215 ಎಂದರೆ ಟೈರಿನ ಅಗಲ ಮಿಲಿಮೀಟರ್‌ನಲ್ಲಿ, 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 75, 'ಆರ್' ಎಂದರೆ ರೇಡಿಯಲ್ (ಒಳಗಿನ ದಾರ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಅಡ್ಡವಾಗಿ ಹಾಯುವ ಬಗೆ), 15 ಎಂದರೆ ಡಿಸ್ಕಿನ ವ್ಯಾಸ ಇಂಚಿನಲ್ಲಿ. 7.00 ಆರ್ 15 ಎಂಬುದು ಹಳೆಯ ಪದ್ಧತಿಯ ಬರಹ, ಅಲ್ಲಿ ಅಗಲವೂ ಇಂಚಿನಲ್ಲೇ. ಟಾಟಾ ಏಸ್ ಗೋಲ್ಡ್‌ನ 145 ಆರ್ 12 ಎಲ್‌ಟಿಯಲ್ಲಿ ಗೋಡೆಯ ಶೇಕಡಾವಾರು ಬರೆದಿರುವುದಿಲ್ಲ.

106/104 ಎಂದು ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂದು ಬದಿಗೆ ಒಂದೇ ಚಕ್ರ ಇರುವ ಗಾಡಿಗೆ, ಎರಡನೆಯದು ಜೋಡಿ ಚಕ್ರದ ಗಾಡಿಗೆ. ಪಿಕಪ್‌ಗೆ ಮೊದಲನೆಯದೇ ಅನ್ವಯ. ನಂತರದ ಅಕ್ಷರ ವೇಗದ ಮಿತಿ: ಎಲ್ ಇದ್ದರೆ ಗಂಟೆಗೆ 120 ಕಿಮೀ, ಎನ್ 140, ಕ್ಯೂ 160. ಲೋಡ್ ಗಾಡಿಗೆ ಇದರ ಚಿಂತೆ ಕಡಿಮೆ. '8 ಪಿಆರ್' ಎಂಬುದನ್ನು ಎಂಟು ಪದರ ಎಂದು ವಿವರಿಸುವವರಿದ್ದಾರೆ. ಈಗಿನ ರೇಡಿಯಲ್ ಟೈರ್‌ಗಳಲ್ಲಿ ಅಷ್ಟು ಪದರ ನಿಜವಾಗಿ ಇರುವುದಿಲ್ಲ, ಅದು ಬಲದ ದರ್ಜೆಯನ್ನು ಸೂಚಿಸುವ ಅಂಕಿ ಅಷ್ಟೆ. ಅದು ಗಾಡಿಯ ಜೊತೆ ಬಂದ ಟೈರಿಗಿಂತ ಕಡಿಮೆ ಇರಬಾರದು.

ಟೈರ್ ದೊಡ್ಡದು ಹಾಕಿಸಬಹುದೇ?

ಪಿಕಪ್ ಎತ್ತರವಾಗಿ ಕಾಣಲಿ, ಗುಂಡಿಗೆ ಅನುಕೂಲವಾಗಲಿ ಎಂದು 215/75 ಇದ್ದಲ್ಲಿ 235/75 ಹಾಕಿಸುವವರನ್ನು ನೋಡಿದ್ದೇನೆ. ಲೆಕ್ಕ ಮಾಡಿ ನೋಡಿ. 215/75 ಆರ್ 15ರ ಒಟ್ಟು ವ್ಯಾಸ ಸುಮಾರು 703 ಮಿಲಿಮೀಟರ್, 235/75 ಆರ್ 15ರದ್ದು ಸುಮಾರು 733. ವ್ಯತ್ಯಾಸ ಶೇಕಡಾ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಸುಮಾರು 62.5ರಲ್ಲಿ ಓಡುತ್ತಿರುತ್ತದೆ. ಅದು ಸಣ್ಣ ವಿಷಯ. ದೊಡ್ಡ ವಿಷಯವೆಂದರೆ ಇಂಜಿನ್ನಿನ ಎಳೆತ ಅಷ್ಟೇ ಪಾಲು ಕಡಿಮೆಯಾಗುವುದು. ಲೋಡ್ ಹೊತ್ತು ಘಾಟಿಯಲ್ಲಿ ನಿಂತು ಮತ್ತೆ ಹೊರಡುವಾಗ ಆ ಕೊರತೆಯನ್ನು ತುಂಬುವುದು ಕ್ಲಚ್, ಅದು ಬೇಗ ಸವೆಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡ್‌ಗೆ ಉಜ್ಜುವ ಸಾಧ್ಯತೆಯೂ ಇದೆ. ದುಡಿಯುವ ಗಾಡಿಗೆ ಕಂಪನಿ ಕೊಟ್ಟ ಅಳತೆಯೇ ಸರಿ.

ಫೋರ್ ವೀಲ್ ಡ್ರೈವ್ ಇರುವ ಇಸುಜು ವಿ-ಕ್ರಾಸ್‌ನಂಥ ಗಾಡಿಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತದಲ್ಲಿರಬೇಕು. ಇಲ್ಲದಿದ್ದರೆ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಿ, ನಾಲ್ಕು ಚಕ್ರದ ಗೇರ್ ಹಾಕಿದಾಗ ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಒತ್ತಡ ಬೀಳುತ್ತದೆ.

ರೇಡಿಯಲ್ಲೋ ನೈಲಾನೋ, ರಿಬ್ಬೋ ಲಗ್ಗೋ

ಡಾಂಬರು ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿಗೆ ರೇಡಿಯಲ್ ಹಾಕಿಸಿ, ಎರಡು ಮಾತಿಲ್ಲ. ಕಡಿಮೆ ಕಾಯುತ್ತದೆ, ಹೆಚ್ಚು ದಿನ ಬಾಳುತ್ತದೆ, ಡೀಸೆಲ್ ಉಳಿಯುತ್ತದೆ. ಕಲ್ಲು ಕ್ವಾರಿ, ಇಟ್ಟಿಗೆ ಗೂಡು, ಮರಳು ಇಂಥ ಕಡೆ ನಿಧಾನವಾಗಿ ದುಡಿಯುವ ಗಾಡಿಗಳಿಗೆ ಕೆಲವರು ಈಗಲೂ ನೈಲಾನ್ ಟೈರ್ (ದಾರ ಓರೆಯಾಗಿ ಹಾಯುವ ಹಳೆಯ ಬಗೆ) ಬಯಸುತ್ತಾರೆ. ಅದರ ಪಕ್ಕದ ಗೋಡೆ ದಪ್ಪ, ಚೂಪು ಕಲ್ಲಿಗೆ ಸುಲಭವಾಗಿ ಸೀಳುವುದಿಲ್ಲ. ಒಂದೇ ಆಕ್ಸಲ್‌ನಲ್ಲಿ ಒಂದು ಬದಿ ರೇಡಿಯಲ್, ಇನ್ನೊಂದು ಬದಿ ನೈಲಾನ್ ಹಾಕುವುದು ಮಾತ್ರ ಅಪಾಯ. ತಿರುವಿನಲ್ಲಿ ಎರಡೂ ಬೇರೆ ಬೇರೆ ರೀತಿ ವರ್ತಿಸಿ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಮುಂದಿನ ಚಕ್ರಕ್ಕೆ ಉದ್ದುದ್ದ ಗೀರಿನ ರಿಬ್ ಟೈರ್ ಚೆನ್ನ, ಸ್ಟೇರಿಂಗ್ ನೇರವಾಗಿ ನಿಲ್ಲುತ್ತದೆ. ಅಡಕೆ ತೋಟದ ಮಣ್ಣುದಾರಿ, ಕೆಸರು, ಕಾಫಿ ಎಸ್ಟೇಟ್ ಏರುಗಳಲ್ಲಿ ದಿನಾ ಇಳಿದು ಹತ್ತುವವರು ಹಿಂದಕ್ಕೆ ಅಡ್ಡ ಗಟ್ಟಿಗಳಿರುವ ಲಗ್ ಅಥವಾ ಸೆಮಿ ಲಗ್ ಹಾಕಿಸಬಹುದು. ಹೈವೇಯಲ್ಲಿ ಲಗ್ ಟೈರ್ ಸದ್ದು ಮಾಡುತ್ತದೆ. ತಿಂಗಳಿಗೊಮ್ಮೆ ಮಾತ್ರ ಕೆಸರಿಗಿಳಿಯುವ ಗಾಡಿಗೆ ಅದರ ಅಗತ್ಯವಿಲ್ಲ.

ಟ್ಯೂಬ್‌ಲೆಸ್ ಬೇಕೆಂದರೆ ಡಿಸ್ಕ್ ಕೂಡ ಟ್ಯೂಬ್‌ಲೆಸ್‌ಗೆಂದೇ ಮಾಡಿದ್ದಾಗಿರಬೇಕು. ತುಕ್ಕು ಹಿಡಿದ, ಅಂಚು ಬಗ್ಗಿದ ಡಿಸ್ಕಿನಲ್ಲಿ ಗಾಳಿ ನಿಲ್ಲುವುದಿಲ್ಲ. ಟ್ಯೂಬ್ ಟೈರ್ ಆದರೆ ಹೊಸ ಟೈರಿಗೆ ಹೊಸ ಟ್ಯೂಬ್ ಹಾಕಿಸಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಒಳಗೆ ಮಡಚಿಕೊಂಡು ಅಲ್ಲೇ ಸೀಳುತ್ತದೆ.

ಅಂಗಡಿಯಲ್ಲಿ ಕೈಯಿಂದ ಮುಟ್ಟಿ ನೋಡಬೇಕಾದದ್ದು

ತಯಾರಾದ ದಿನ ಮೊದಲು ನೋಡಿ. ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ನೇ ಇಸವಿಯ 23ನೇ ವಾರ. ಈ ಅಂಕಿ ಒಂದೇ ಬದಿಯಲ್ಲಿ ಇರುವುದೂ ಉಂಟು, ಆದ್ದರಿಂದ ಟೈರ್ ತಿರುಗಿಸಿ ನೋಡಿ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು. ಎರಡು ವರ್ಷ ಗೋಡೌನ್‌ನಲ್ಲಿ ಕೂತದ್ದನ್ನು ಹೊಸದರ ಬೆಲೆಗೆ ಕೊಳ್ಳಬೇಡಿ. ಗಾಡಿಯಲ್ಲಿ ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ತೋರಿಸಿ, ಹತ್ತು ವರ್ಷ ದಾಟಿದ್ದನ್ನು ಗ್ರಿಪ್ ಎಷ್ಟೇ ಉಳಿದಿರಲಿ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಮಾತು. ಗಾಡಿಯ ಅಡಿಯಲ್ಲಿ ಧೂಳು ಕೆಸರಿನಲ್ಲಿ ನೇತಾಡುವ ಸ್ಟೆಪ್ನಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಐಎಸ್‌ಐ ಗುರುತು ಇದೆಯೇ ನೋಡಿ. ನಮ್ಮ ದೇಶದಲ್ಲಿ ಮಾರುವ ವಾಣಿಜ್ಯ ವಾಹನದ ಟೈರ್‌ಗೆ ಅದು ಕಡ್ಡಾಯ.

ಹಳೆ ಟೈರ್ ಮಾರುವ ಕಡೆ ಇನ್ನಷ್ಟು ಎಚ್ಚರ ಬೇಕು. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಗೀರು ಕೊರೆದು, ಕಪ್ಪು ಪಾಲಿಶ್ ಹಚ್ಚಿ "ಮುಕ್ಕಾಲು ಭಾಗ ಇದೆ" ಎಂದು ಮಾರುವುದುಂಟು. ಪತ್ತೆ ಹಚ್ಚುವುದು ಹೀಗೆ: ಗೀರಿನ ತಳದಲ್ಲಿ ಇರಬೇಕಾದ ಆ ಸಣ್ಣ ದಿಣ್ಣೆಗಳು ಮಾಯವಾಗಿರುತ್ತವೆ ಅಥವಾ ಕತ್ತರಿಸಿದಂತೆ ಕಾಣುತ್ತವೆ. ಗೀರಿನ ಒಳಗೋಡೆ ಅಚ್ಚಿನಲ್ಲಿ ಎರೆದಷ್ಟು ನಯವಾಗಿರುವುದಿಲ್ಲ, ಬ್ಲೇಡ್ ಎಳೆದ ಗೆರೆಗಳು ಬೆರಳಿಗೆ ಸಿಗುತ್ತವೆ. ತಳದಲ್ಲಿ ದಾರವೋ ತಂತಿಯೋ ಇಣುಕುತ್ತಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಅಂಥ ಟೈರ್ ಲೋಡ್ ಹೊತ್ತು ಓಡುವಾಗ ಸಿಡಿದರೆ ಗಾಡಿಯಲ್ಲಿರುವವರಷ್ಟೇ ಅಲ್ಲ, ಎದುರಿನಿಂದ ಬೈಕಿನಲ್ಲಿ ಬರುವವರ ಜೀವವೂ ಹೋಗುತ್ತದೆ.

ಬೆಲೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ನೋಡಿ. ಉದಾಹರಣೆಗೆ 6,000 ರೂಪಾಯಿಯ ಟೈರ್ 25,000 ಕಿಮೀ ಓಡಿದರೆ ಕಿಲೋಮೀಟರಿಗೆ 24 ಪೈಸೆ. 7,500 ರೂಪಾಯಿಯದು 40,000 ಓಡಿದರೆ 19 ಪೈಸೆಗಿಂತ ಕಡಿಮೆ. ನಿಮ್ಮದೇ ರಸ್ತೆಯಲ್ಲಿ, ನಿಮ್ಮದೇ ತರದ ಲೋಡ್ ಹೊರುವ ಇನ್ನೊಬ್ಬ ಡ್ರೈವರ್‌ಗೆ ಆ ಟೈರ್ ಎಷ್ಟು ಓಡಿತು ಎಂದು ಕೇಳಿದರೆ ಸಿಗುವ ಉತ್ತರ ಯಾವ ಜಾಹೀರಾತಿಗಿಂತಲೂ ಮೇಲು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರದ ಪಟ್ಟಿ ತೋರಿಸಿದರೆ ಒಪ್ಪಬೇಡಿ. ಬಿಲ್ ಇಲ್ಲದೆ ಮಾತ್ರ ಕೊಳ್ಳಬೇಡಿ. ಟೈರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಂಡರೆ ಮುಂದೆ ಉಬ್ಬು ಬಂದಾಗಲೋ ಪದರ ಬಿಟ್ಟಾಗಲೋ ವಾರಂಟಿ ಕೇಳಲು ದಾರಿ ಇರುತ್ತದೆ.

ಎರಡೇ ಹಾಕಿಸುವುದಾದರೆ ಎಲ್ಲಿಗೆ?

ನಾಲ್ಕಕ್ಕೂ ಒಮ್ಮೆಗೇ ದುಡ್ಡು ಹೊಂದಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಎರಡನ್ನಾದರೂ ಜೋಡಿಯಾಗಿ, ಒಂದೇ ಕಂಪನಿ, ಒಂದೇ ಮಾದರಿಯದನ್ನು ಒಂದೇ ಆಕ್ಸಲ್‌ಗೆ ಹಾಕಿಸಿ. ನಮ್ಮ ಡ್ರೈವರ್‌ಗಳು ಹೊಸದನ್ನು ಮುಂದಕ್ಕೆ ಹಾಕಿ ಹಳೆಯದನ್ನು ಹಿಂದಕ್ಕೆ ತಳ್ಳುತ್ತಾರೆ. ಮುಂದಿನ ಟೈರ್ ಸಿಡಿದರೆ ಸ್ಟೇರಿಂಗ್ ಕೈತಪ್ಪುತ್ತದೆ ಎಂಬುದು ಅವರ ಕಾರಣ, ಅದರಲ್ಲಿ ಹುರುಳಿದೆ. ಆದರೆ ಟೈರ್ ಕಂಪನಿಗಳು ಆಳ ಹೆಚ್ಚಿರುವುದನ್ನು ಹಿಂದಕ್ಕೆ ಹಾಕಿ ಎನ್ನುತ್ತವೆ. ಪಿಕಪ್‌ನ ಮಟ್ಟಿಗೆ ನಾನೂ ಇದನ್ನೇ ಒಪ್ಪುತ್ತೇನೆ. ಎಂಜಿನ್ ಎಳೆಯುವುದು ಹಿಂದಿನ ಚಕ್ರದಿಂದ, ಲೋಡ್ ಕೂರುವುದೂ ಅದರ ಮೇಲೆಯೇ. ಅಪಾಯ ಇನ್ನೂ ಹೆಚ್ಚಾಗುವುದು ಸರಕು ಇಳಿಸಿ ಖಾಲಿ ಗಾಡಿಯಲ್ಲಿ ಮಳೆಯೊಳಗೆ ಮರಳುವಾಗ. ಹಿಂಭಾಗ ಹಗುರವಾಗಿ, ಬೋಳು ಟೈರ್ ನೀರಿನ ಮೇಲೆ ತೇಲಿ, ಬ್ರೇಕ್ ಒತ್ತಿದ ಕೂಡಲೇ ಗಾಡಿ ಹಿಂದಿನಿಂದ ತಿರುಗಿಬಿಡುತ್ತದೆ. ಮುಂದಿನ ಟೈರ್‌ಗಳೂ ಬೋಳಾಗುವಷ್ಟು ಸವೆದಿದ್ದರೆ ನಾಲ್ಕನ್ನೂ ಬದಲಾಯಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ರೀಟ್ರೆಡ್ ಮಾಡಿಸಿದ, ಅಂದರೆ ಸವೆದ ಮೇಲೆ ಹೊಸ ರಬ್ಬರ್ ಪದರ ಕೂರಿಸಿದ ಟೈರನ್ನು ಮುಂದಕ್ಕೆ ಎಂದೂ ಹಾಕಬೇಡಿ. ಹಿಂದಕ್ಕೆ ಹಾಕುವುದಾದರೂ ನಿಮ್ಮದೇ ಟೈರ್ ಆಗಿರಲಿ, ಪಕ್ಕದ ಗೋಡೆಗೆ ಏಟು ಬಿದ್ದಿರದಿರಲಿ, ಗಾಳಿ ಇಲ್ಲದೆ ಒಮ್ಮೆಯೂ ಓಡಿರದಿರಲಿ. ಗಾಳಿ ಹೋದ ಟೈರನ್ನು ಲೋಡ್ ಸಮೇತ ಒಂದು ಕಿಲೋಮೀಟರ್ ಎಳೆದರೂ ಒಳಗಿನ ದಾರ ಮುರಿಯುತ್ತದೆ, ಹೊರಗೆ ಏನೂ ಕಾಣದು.

ಕೂರಿಸುವಾಗ ನಿಂತು ನೋಡಿ

ಪಕ್ಕದ ಗೋಡೆಯ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಜಾಗ. ವಾಲ್ವ್‌ನ ನೇರಕ್ಕೆ ಅದು ಬರುವಂತೆ ಕೂರಿಸಿದರೆ ಬ್ಯಾಲೆನ್ಸಿಂಗ್‌ಗೆ ಕಡಿಮೆ ಸೀಸ ಸಾಕು. ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಮುಂದಕ್ಕೇ ಇರಬೇಕು. ಟ್ಯೂಬ್‌ಲೆಸ್‌ಗೆ ಹೊಸ ವಾಲ್ವ್ ಹಾಕಿಸಿ. ನಟ್‌ಗಳನ್ನು ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡನ್ನೂ ಅದೇ ದಿನ ಮುಗಿಸಿ.

ಗಾಳಿಯ ವಿಷಯದಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಲೋಡ್ ಇಂಡೆಕ್ಸ್ ಹೇಳುವ ಭಾರವನ್ನು ಟೈರ್ ಹೊರುವುದು ಅದಕ್ಕೆ ನಿಗದಿಯಾದ ಗಾಳಿ ಇದ್ದಾಗ ಮಾತ್ರ. ಎಷ್ಟೋ ಎಲ್‌ಟಿ ಟೈರ್‌ಗಳ ಮೇಲೆ ಪೂರ್ತಿ ಲೋಡಿಗೆ 450 ಕೆಪಿಎ (ಕಿಲೋಪ್ಯಾಸ್ಕಲ್, ಗಾಳಿಯ ಒತ್ತಡದ ಅಳತೆ) ಎಂದು ಬರೆದಿರುತ್ತದೆ. ಪಂಚರ್ ಅಂಗಡಿಯ ಭಾಷೆಯಲ್ಲಿ ಅದು 65 ಪಾಯಿಂಟ್ (ಪಿಎಸ್‌ಐ). "ಎಲ್ಲಾ ಗಾಡಿಗೂ 35" ಎಂದು ಹಿಡಿಸಿಕೊಂಡು ಹೋದರೆ 112ರ ಟೈರ್ ತಂದದ್ದು ವ್ಯರ್ಥ. ನಿಮ್ಮ ಗಾಡಿಗೆ ಮುಂದೆ ಎಷ್ಟು, ಹಿಂದೆ ಎಷ್ಟು, ಖಾಲಿ ಇದ್ದಾಗ ಎಷ್ಟು, ಲೋಡ್ ಇದ್ದಾಗ ಎಷ್ಟು ಎಂಬುದು ಮ್ಯಾನ್ಯುಯಲ್‌ನಲ್ಲೋ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಇರುತ್ತದೆ. ಅದನ್ನು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಬಿಡಿ, ಡ್ರೈವರ್ ಬದಲಾದರೂ ಗೊತ್ತಿರಲಿ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಮಧ್ಯಾಹ್ನ ಓಡಿ ಕಾದ ಟೈರಿನಲ್ಲಿ ಗಾಳಿ ಹೆಚ್ಚು ತೋರಿಸುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ.

ಹೊಸ ಟೈರಿನ ಮೇಲ್ಮೈ ಮೊದಲ ಕೆಲವು ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ, ಅಚ್ಚಿನಿಂದ ಬಿಡಿಸಲು ಹಚ್ಚಿದ ಪದಾರ್ಥ ಸವೆಯುವವರೆಗೆ. ಆ ಅವಧಿಯಲ್ಲಿ ಜೋರಾಗಿ ಬ್ರೇಕ್ ಹೊಡೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಗಾಡಿ ನಿಲ್ಲಿಸಿ ನಟ್‌ಗಳನ್ನು ಇನ್ನೊಮ್ಮೆ ಬಿಗಿಸಿ. ಟೈರ್ ಹಾಕಿಸಿದ ದಿನ ಮೀಟರ್ ಎಷ್ಟಿತ್ತು ಎಂಬುದನ್ನು ಬಿಲ್ಲಿನ ಹಿಂದೆಯೇ ಬರೆದಿಡಿ.

ಬಿಚ್ಚಿದ ಹಳೆಯ ಟೈರ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಅದರ ಬೆಲೆ ಕಡಿತ ಮಾಡಿಸಿಕೊಳ್ಳಿ. ರೀಟ್ರೆಡ್‌ಗೂ ಬಾರದ ಟೈರ್ ಮತ್ತೆ ರಸ್ತೆಗಿಳಿಯಬಾರದೆಂದರೆ ಪಕ್ಕದ ಗೋಡೆಯನ್ನು ನಿಮ್ಮ ಕಣ್ಣೆದುರೇ ಕೊಯ್ಯಿಸಿ. ಮನೆಗೆ ತಂದರೆ ಮಳೆನೀರು ನಿಲ್ಲುವಂತೆ ಅಂಗಳದಲ್ಲಿ ಬಿಡಬೇಡಿ, ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಿನಲ್ಲೇ.